ಯೆಜ್ಡಿಯ ಎದೆಗೂಡು: ಹಳೆಯ ಬ್ಲಾಕೇ, ವೇಗದ ಬ್ಲಾಕೇ?

ಈ ಸಂಚಿಕೆಯ ಇತರ ಪುಟಗಳಲ್ಲಿ ವೈದ್ಯಮಿತ್ರರು ಹೃದಯ, ಮಧುಮೇಹಗಳ ಕುರಿತು ಬರೆದಿರುವಾಗ, ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ವಾಗ್ಳೆ ಎಸ್ಟೇಟಿನ ಯಂತ್ರಾಗಾರದಲ್ಲಿ ಮೂವತ್ತು ವರ್ಷ ಲೇತಿನ ಮುಂದೆ ನಿಂತವನಿಗೆ ತಿಳಿದ ಶರೀರಶಾಸ್ತ್ರ ಇದೊಂದೇ. ಸಂಪಾದಕರು ಕ್ಷಮಿಸಿಯಾರು.

ಕಳೆದ ಬೇಸಿಗೆಯಲ್ಲಿ, ಕೋಪರಿಯ ನಮ್ಮ ಕಟ್ಟಡದ ತರುಣನೊಬ್ಬ ಮನೆಗೆ ಬಂದ. ಅವನ ತಂದೆ ಮೈಸೂರಿನವರು. ಉದ್ಯೋಗಾರ್ಥಿಯಾಗಿ ಠಾಣೆಗೆ ಬರುವಾಗ ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ತಮ್ಮ ಯೆಜ್ಡಿ 250ನ್ನೂ ತಂದವರು. ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಗಾಡಿ ಹೊಗೆ ಕಾರುತ್ತಿತ್ತು, ಏರಿನಲ್ಲಿ ಸೋಲುತ್ತಿತ್ತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವನ್ನು ಆಚರಿಸುವ ಅಭಿಮಾನಿಗಳೊಡನೆ ಸೇರಲು, ತಂದೆಯ ಊರಿಗೆ ಅದೇ ಗಾಡಿಯಲ್ಲಿ ಹೋಗಬೇಕೆಂಬುದು ಅವನ ಹಂಬಲ. ಸಾವಿರ ಕಿಲೋಮೀಟರಿಗೂ ಮೀರಿದ ದಾರಿ.

"ಅಂಕಲ್, ಈ ಬ್ಲಾಕು ಮುಗಿಯಿತಂತೆ. ಪೋರ್ಟಿಂಗ್ ಮಾಡಿದ ಬೇರೊಂದು ಬ್ಲಾಕು ಹಾಕಿದರೆ ಗಾಡಿ ಹಾರುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಹಾಕಿಸಲೇ?"

ಹಳೆಯದನ್ನು ಏನು ಮಾಡುತ್ತೀಯೆಂದು ಕೇಳಿದೆ. ಮೆಕ್ಯಾನಿಕ್ಕಿಗೇ ಕೊಟ್ಟರೆ ಸ್ವಲ್ಪ ಹಣ ಕಡಿಮೆಯಾಗುತ್ತದೆ ಎಂದ. ಹಾಗೆನ್ನುವಾಗ ಅವನ ದೃಷ್ಟಿ ನನ್ನ ಮೇಲಿರಲಿಲ್ಲ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು ಬಲ್ಲ ಕನ್ನಡಿಗರಿಗೆ ಈ ವಾಹನದ ಪರಿಚಯ ಬೇಕಿಲ್ಲ. 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ವಿನ್ಯಾಸದೊಡನೆ ಆರಂಭವಾದ ಉತ್ಪಾದನೆ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರನ್ನು ತಳೆದು, 1996ರಲ್ಲಿ ನಿಂತುಹೋಯಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಅವು ಬೇರೆಯೇ ಜಾತಿಯ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು. ಹಳೆಯ ಬ್ಲಾಕನ್ನು ಎರಕ ಹೊಯ್ಯುವ ಆ ಕಾರ್ಖಾನೆ ಈಗಿಲ್ಲ. ಕೈಬಿಟ್ಟ ಬ್ಲಾಕಿಗೆ ಸಮನಾದುದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಕುರ್ಲಾದ ಗುಜರಿಯಲ್ಲೋ ದೊರೆತರೆ ಅದು ಅದೃಷ್ಟ.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಬ್ಲಾಕು ಕೇವಲ ಪಿಸ್ಟನ್ ಆಡುವ ಕೊಳವೆಯಲ್ಲ. ಇದಕ್ಕೆ ವಾಲ್ವುಗಳಿಲ್ಲ, ಕೊಳವೆಯ ಗೋಡೆಯಲ್ಲಿ ಕೊರೆದ ಕಿಂಡಿಗಳೇ ಬಾಗಿಲುಗಳು, ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ದ್ವಾರಪಾಲಕ. ಕಿಂಡಿಯ ಎತ್ತರ ಒಂದೆರಡು ಮಿಲಿಮೀಟರು ಬದಲಾದರೂ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. 'ಪೋರ್ಟಿಂಗ್' ಎಂದರೆ ಇದೇ. ಹೊಗೆ ಹೋಗುವ ಕಿಂಡಿಯನ್ನು ಮೇಲಕ್ಕೆ ಉಜ್ಜಿದರೆ ಅದು ಬೇಗ ತೆರೆದುಕೊಂಡು ಹೆಚ್ಚಿನ ಸುತ್ತುಗಳಲ್ಲಿ ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ನಿಧಾನಗತಿಯಲ್ಲಿ ಎಳೆಯುವ ಬಲ ಕುಗ್ಗುತ್ತದೆ. ತೀನ್ ಹಾತ್ ನಾಕಾದ ದಟ್ಟಣೆಯಲ್ಲಿ, ಕೋಪರಿ ಸೇತುವೆಯ ಏರಿನಲ್ಲಿ, ಹಿಂದೆ ಮಡದಿಯನ್ನು ಕೂರಿಸಿಕೊಂಡವನಿಗೆ ಬೇಕಾದುದು ಆ ಕೆಳಗಿನ ಬಲವೇ. ಯೆಜ್ಡಿಯ ಹಿರಿಮೆಯೂ ಅದೇ ಆಗಿತ್ತು. ಇನ್ನೊಂದು ತೊಡಕು: ಇದಕ್ಕೆ ಒಂದೇ ಸಿಲಿಂಡರಾದರೂ ಹೊಗೆಗೆ ಎರಡು ಕಿಂಡಿ, ಎರಡು ಸೈಲೆನ್ಸರ್. ಕಿಂಡಿಗಳನ್ನು ಮಾತ್ರ ತಿದ್ದಿ ಸೈಲೆನ್ಸರನ್ನು ಹಾಗೆಯೇ ಬಿಟ್ಟರೆ ಬರುವುದು ಬಹುಪಾಲು ಸದ್ದು. ನೆರೆಮನೆಯ ಮುದುಕರ ನಿದ್ದೆಯೂ ಆರೋಗ್ಯದ ವಿಷಯವೇ ಅಲ್ಲವೇ!

ಹೆಡ್ಡನ್ನು ತೆಳುಮಾಡಿ ಒತ್ತಡ ಹೆಚ್ಚಿಸಿದರೆ ಶಾಖವೂ ಹೆಚ್ಚುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನು ದಟ್ಟಣೆಯಲ್ಲಿ ನಿಂತಾಗ ಗಾಳಿಯೆಲ್ಲಿ? ಅಲ್ಯೂಮಿನಿಯಮ್ ಮಿಶ್ರಲೋಹದ ಪಿಸ್ಟನ್ನು ಎರಕದ ಕಬ್ಬಿಣದ ಬ್ಲಾಕಿಗಿಂತ ಹೆಚ್ಚು ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ನನ್ನ ಯೌವನದಲ್ಲಿ ಇಂಥದೊಂದು ಬ್ಲಾಕನ್ನು ನಾನೂ ಹಾಕಿಸಿದ್ದೆ. ಘೋಡಬಂದರ್ ರಸ್ತೆಯಲ್ಲಿ ಹಿಂದಿನ ಚಕ್ರ ಒಮ್ಮೆಲೇ ಬಿಗಿದು ಬಿದ್ದಾಗಿನ ಗಾಯದ ಗುರುತು ಮೊಣಕೈಯಲ್ಲಿ ಇಂದಿಗೂ ಇದೆ.

ಕಾನೂನಿನ ಮಾತೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದವನು ಇದನ್ನು ಮರೆಯುವಂತಿಲ್ಲ. ಹಾಗಾದರೆ ಮಾಮೂಲು ಬೋರಿಂಗ್ ಸಹ ಅಪರಾಧವೇ ಎಂದು ತರುಣ ಕೇಳಿದ. ಲೆಕ್ಕ ಮಾಡಿ ತೋರಿಸಿದೆ. ಯೆಜ್ಡಿಯ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ.; ಸಾಮರ್ಥ್ಯ ಸುಮಾರು 249 ಘನ ಸೆಂ.ಮೀ. ಬೋರನ್ನು ಪೂರ್ತಿ ಒಂದು ಮಿಲಿಮೀಟರು ಹಿಗ್ಗಿಸಿದರೂ ಅದು 257ರ ಸಮೀಪಕ್ಕೆ ಬಂದೀತು, ಅಷ್ಟೆ. ಅದು ಸವೆತಕ್ಕೆ ಮಾಡುವ ದುರಸ್ತಿ, ವೇಗಕ್ಕೆ ಮಾಡುವ ಮಾರ್ಪಾಡಲ್ಲ.

ಬೋರಿಂಗಿನ ಬಗ್ಗೆ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಬ್ಲಾಕಿನ ಗೋಡೆಯ ದಪ್ಪವೇ ಮೂಲಧನ. ಕಾಲು ಮಿಲಿಮೀಟರಿನಂತೆ ಒಂದೊಂದು ಕಂತು ತೆಗೆಯಬಹುದು: 0.25, 0.50, 0.75, 1.00. ಬಳಿಕ ಒಳಗೆ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರಬಹುದು. ಆದರೆ ಸ್ಲೀವಿನ ಕಿಂಡಿಗಳು ಬ್ಲಾಕಿನ ಕಿಂಡಿಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಅಂಥ ಕುಶಲಕರ್ಮಿಗಳು ವಿರಳವಾಗುತ್ತಿದ್ದಾರೆ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಕಂತನ್ನು ಎಂದೂ ತೆಗೆಯಬಾರದು.

ನಾಲಗೆ ನೋಡದೆ ಔಷಧ ಬರೆಯುವ ವೈದ್ಯನಂತೆ ಅಳೆಯದೆ ತೀರ್ಪು ಕೊಡುವುದು ಸಲ್ಲದೆಂದು, ಗಾಡಿಯನ್ನು ಪರಿಚಯದ ಕಾರ್ಯಾಗಾರಕ್ಕೆ ಒಯ್ದೆವು. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಅಡ್ಡ ಉದ್ದಗಳೆರಡರಲ್ಲೂ ಅಳೆದೆ. ಅವನ ತಂದೆ ಆಗಲೇ ಮೂರು ಕಂತು ತೆಗೆದಿದ್ದರು. ಅದರ ಮೇಲೆ, ರಿಂಗುಗಳು ತಿರುಗಿ ಇಳಿಯುವ ಮೇಲ್ಭಾಗದಲ್ಲಿ ಸವೆದಿದ್ದುದು 0.12 ಮಿ.ಮೀ. ಮಾತ್ರ. ಬ್ಲಾಕು ಮುಗಿದಿರಲಿಲ್ಲ, ಕೊನೆಯ ಕಂತು ಬಾಕಿಯಿತ್ತು.

ನಿಜವಾದ ರೋಗ ಬೇರೆಡೆ ಇತ್ತು. ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲುಗಳು ಒಣಗಿ ಬಿರಿದಿದ್ದವು. ಎರಡು ಸ್ಟ್ರೋಕಿನ ಎಂಜಿನ್ನು ಪೆಟ್ರೋಲು-ಗಾಳಿಯ ಮಿಶ್ರಣವನ್ನು ಮೊದಲು ಕ್ರ್ಯಾಂಕಿನ ಕೋಣೆಗೇ ಎಳೆದುಕೊಳ್ಳುತ್ತದೆ. ಒಂದು ಬದಿಯ ಸೀಲು ಸೋರಿದರೆ ಗಿಯರಿನ ಎಣ್ಣೆ ಒಳಬಂದು ಉರಿದು ಹೊಗೆಯಾಗುತ್ತದೆ. ಇನ್ನೊಂದು ಬದಿಯಿಂದ ಬೇಡದ ಗಾಳಿ ನುಗ್ಗಿ ಮಿಶ್ರಣ ತೆಳುವಾಗಿ ಪಿಸ್ಟನ್ ಕಾದುಹೋಗುತ್ತದೆ. ವೇಗದ ಬ್ಲಾಕನ್ನು ಇದರ ಮೇಲೆ ಕೂರಿಸಿದ್ದರೆ, ಮೈಸೂರಿನ ಮಾತಿರಲಿ, ಸಾತಾರಾ ತಲುಪುವುದೂ ಅನುಮಾನವಿತ್ತು.

ಕ್ರ್ಯಾಂಕಿನ ಬೇರಿಂಗು, ಸೀಲುಗಳನ್ನು ಬದಲಿಸಿ, ಬ್ಲಾಕನ್ನು 66ಕ್ಕೆ ಬೋರ್ ಮಾಡಿಸಿ, ರಿಂಗು ಸಿಕ್ಕಿಕೊಳ್ಳದಂತೆ ಕಿಂಡಿಗಳ ಅಂಚನ್ನು ನಾನೇ ಮೆಲ್ಲಗೆ ಉಜ್ಜಿಕೊಟ್ಟೆ. ಪಂದ್ಯಕ್ಕೆಂದೇ ಎರಡನೆಯ ಎಂಜಿನ್ನು ಇಟ್ಟುಕೊಂಡವರು ಅದಕ್ಕೆ ಬೇಕಾದ ಬ್ಲಾಕನ್ನು ಧಾರಾಳವಾಗಿ ಹಾಕಲಿ, ನನ್ನ ತಕರಾರಿಲ್ಲ.

ಜೂನ್ ತಿಂಗಳೆಲ್ಲ ಹುಡುಗ ನಸುಕಿನಲ್ಲೆದ್ದು, ರಸ್ತೆ ಖಾಲಿಯಿರುವಾಗ, ಹೊಸ ಪಿಸ್ಟನ್ನು ಪಳಗಲೆಂದು ನಿಧಾನವಾಗಿ ಓಡಿಸಿದ. ಎರಡನೆಯ ವಾರದ ಒಂದು ಬೆಳಿಗ್ಗೆ ನಾನು ಹಾಲಿಗೆಂದು ಇಳಿದಾಗ, ಅವನ ತಾಯಿ ಮೊದಲ ಮಹಡಿಯ ಕಿಟಕಿಯಲ್ಲಿ ನಿಂತಿದ್ದರು. ಗಾಡಿ ಅಷ್ಟಾವಿನಾಯಕ ಚೌಕದ ಕಡೆಗೆ ತಿರುಗಿ, ಅದರ ಸದ್ದು ಪೂರ್ತಿ ಅಡಗುವ ತನಕವೂ ಅವರು ಒಳಗೆ ಹೋಗಲಿಲ್ಲ.