ಹಗೇವಿಗೆ ಇಳಿದವರು

ತುಮಕೂರಿನಿಂದ ಕುಣಿಗಲ್ಲಿಗೆ ಹೊರಟವರಿಗೆ ಮೊದಲು ಎದುರಾಗುವ ಗೂಳೂರಿನ ಹೆಸರು ಕಿವಿಗೆ ಬಿದ್ದೊಡನೆ ಜನಕ್ಕೆ ನೆನಪಾಗುವುದು ಅಲ್ಲಿಯ ಮಹಾಗಣಪತಿ. ಕೆರೆಯ ಮಣ್ಣಿನಿಂದಲೇ ಆಳೆತ್ತರವನ್ನು ಮೀರಿ ಮೂಡಿಬಂದು, ಬಲಿಪಾಡ್ಯಮಿಯಿಂದ ಮೊದಲಾಗಿ ಕಾರ್ತಿಕಮಾಸವೆಲ್ಲ ಪೂಜೆಗೊಂಡು, ಕೊನೆಗೆ ಹದಿನೆಂಟು ಕೋಮಿನವರು ಒಡಗೂಡಿ ನಡೆಸುವ ಮೆರವಣಿಗೆಯಲ್ಲಿ ಅದೇ ಕೆರೆಗೆ ಮರಳುವ ಆ ಮೂರ್ತಿಯ ಮುಂದೆ ಕೈಮುಗಿದು ನಿಂತಾಗಲೆಲ್ಲ ನನ್ನ ಮನಸ್ಸು ದೇವರನ್ನು ಬಿಟ್ಟು ಆ ಮಣ್ಣಿನ ಕಡೆಗೆ ಹರಿಯುತ್ತದೆ. ಅದನ್ನು ತಲೆತಲಾಂತರದಿಂದ ಅಗೆದವರು, ಮಂಕರಿಯಲ್ಲಿ ಹೊತ್ತವರು, ಹೊಲಕ್ಕೆ ಹರವಿ ಉತ್ತವರು ಯಾರು? ಅವರ ದುಡಿಮೆಗೆ ಸಂದದ್ದೇನು?

ನಮ್ಮದು ರಾಗಿಯ ಸೀಮೆ. ಹಿಂದೆ ಒಕ್ಕಣೆ ಮುಗಿದು ರಾಶಿಪೂಜೆಯಾದ ಮೇಲೆ ನೀರುಗಂಟಿ, ತೋಟಿ, ತಳವಾರ, ಕಮ್ಮಾರ, ಬಡಗಿ, ಅಗಸ, ನಾಯಿಂದ ಮೊದಲಾದ ಆಯಗಾರರು ಕಣದಲ್ಲಿಯೇ ತಮ್ಮ ಆಯವನ್ನು ಅಳೆಸಿಕೊಂಡು ಹೋಗುತ್ತಿದ್ದರು. ಉಳಿದದ್ದು ಹಗೇವಿಗೆ ಇಳಿಯುತ್ತಿತ್ತು. ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ತೋಡಿದ ಆ ಕುಳಿಗೆ ಹುಲ್ಲಿನ ಒತ್ತು ಕೊಟ್ಟು, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಬಡಿದರೆ ಕಾಳು ವರ್ಷಾನುಗಟ್ಟಲೆ ಕೆಡದು. ತೆರೆಯುವ ದಿನ ಮಾತ್ರ ಎಚ್ಚರ ಬೇಕು. ಒಳಗೆ ಕಟ್ಟಿಕೊಂಡ ಗಾಳಿ ಉಸಿರು ಕಟ್ಟಿಸುವಂಥದು; ಚಪ್ಪಡಿ ಸರಿಸಿ ಸಾಕಷ್ಟು ಹೊತ್ತು ಬಿಟ್ಟು, ಹಗ್ಗದ ತುದಿಗೆ ದೀಪ ಕಟ್ಟಿ ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಹಾಗೆ ಇಳಿಯುತ್ತಿದ್ದವನು ರಾಗಿಯ ಒಡೆಯನಲ್ಲ, ಮನೆಯ ಆಳು.

ಹಿಂದಿನ ಗ್ರಾಮವನ್ನು ಸ್ವಯಂಪೂರ್ಣವೂ ಸಾಮರಸ್ಯಪೂರ್ಣವೂ ಆದ ಲೋಕವೆಂದು ಬಣ್ಣಿಸುವವರೊಡನೆ ನಾನು ಒಪ್ಪಲಾರದಿರುವುದು ಈ ಕಾರಣದಿಂದಲೇ. ಆಯಗಾರನಿಗೆ ರಾಶಿಯಲ್ಲಿ ಹಕ್ಕಿತ್ತು; ಜೀತದಾಳಿಗಿದ್ದದ್ದು ಋಣ. ಮದುವೆಗೋ ತಿಥಿಗೋ ತೆಗೆದುಕೊಂಡ ಮುಂಗಡ, ಯುಗಾದಿಯಿಂದ ಯುಗಾದಿಗೆ ಲೆಕ್ಕ, ಎರಡು ಹೊತ್ತಿನ ಹಿಟ್ಟು, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಅಪ್ಪ ತೀರಿಸಲಾರದೆ ಹೋದದ್ದು ಮಗನ ಪಾಲಿಗೆ. ಹೀಗೆ ಕಟ್ಟುಬಿದ್ದವರಲ್ಲಿ ಬಹುಪಾಲು ಊರಾಚೆಯ ಕೇರಿಗಳ ಜನ. ಟಿಪ್ಪು ಅಳಿದ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿ ನಮ್ಮ ಗುಬ್ಬಿಯನ್ನೂ ಕಂಡುಹೋದ ಫ್ರಾನ್ಸಿಸ್ ಬುಕಾನನ್ ಆಳುಕಾಳುಗಳ ಕೂಲಿ ಸಂಬಳಗಳನ್ನು ವಿವರವಾಗಿ ಬರೆದಿಟ್ಟನು. ಜೀತವನ್ನು ಪರಕೀಯರು ಹುಟ್ಟಿಸಲಿಲ್ಲ. ಅವರ ಆಳ್ವಿಕೆ ಅದಕ್ಕೆ ಹೊಸ ಮೇವು ಒದಗಿಸಿತು.

ಹೇಗೆಂದರೆ, 1831ರಲ್ಲಿ ಮೈಸೂರಿನ ಆಡಳಿತ ಕಮಿಷನರರ ಕೈಸೇರಿತು. ತುಮಕೂರಿನಲ್ಲಿ ನೆಲೆಸಿ ಚಿತ್ರದುರ್ಗ ವಿಭಾಗವನ್ನು ನಡೆಸಿದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಡಾಬಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ಆ ಕಾಲದಲ್ಲಿ ರಸ್ತೆಗಳಾದುವು. ಹೇರೆತ್ತಿನ ಬದಲು ಬಂಡಿ ಬಂದಿತು. ಅನೇಕ ಸಣ್ಣಪುಟ್ಟ ತೆರಿಗೆಗಳು ರದ್ದಾದುವು, ಅದನ್ನು ಮರೆಯಲಾಗದು. ಆದರೆ ಕಾಳಿನ ರೂಪದಲ್ಲಿ ಸಲ್ಲುತ್ತಿದ್ದ ವಾರ ಹಿಂದೆ ಸರಿದು ನಗದು ಕಂದಾಯವೇ ನಿಯಮವಾಯಿತು; 1863ರಲ್ಲಿ ತೊಡಗಿದ ಕಂದಾಯ ಮೋಜಣಿಯು ಸರ್ವೇ ನಂಬರಿಗೆ ಇಷ್ಟೆಂದು 30 ವರ್ಷಗಳಿಗೆ ಕಟ್ಟುಮಾಡಿತು. ಮಳೆ ಬಾರದಿದ್ದರೂ ಕಂತು ಬರುತ್ತಿತ್ತು. ರಾಗಿ ಹಗೇವಿಗೆ ಇಳಿಯುವ ಮೊದಲು ಸಂತೆಗೆ ಹೋಗಬೇಕಾಯಿತು. ಹೊಲವಿದ್ದ ಬಡರೈತನೂ ಸಾಹುಕಾರನ ಜಗಲಿ ಹತ್ತಿದನು, ಅವನ ಮಗನು ಬೇರೆಯವರ ಕೊಟ್ಟಿಗೆ ಸೇರಿದನು.

ಗುಲಾಮಗಿರಿಯನ್ನು ಕೋರ್ಟುಗಳು ಮನ್ನಿಸಕೂಡದೆಂದು ಕಂಪನಿಯ ಸೀಮೆಗಳಲ್ಲಿ 1843ರಲ್ಲಿಯೇ ಕಾಯಿದೆಯಾಗಿತ್ತೆಂಬುದು ನಿಜ. ಆದರೆ ಅದು ಸಾಲಪತ್ರವನ್ನು ಮುಟ್ಟಲಿಲ್ಲ. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಶಿಕ್ಷಿಸುವ 1859ರ ಕಾಯಿದೆಯಂತೂ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಕೊಡಗಿನ ಕಾಫಿ ತೋಟದ ದೊರೆಗಳಿಗೆ ಬಲವಾದ ಆಯುಧವಾಯಿತು. ಬಯಲುಸೀಮೆಯ ಬಡವರಿಗೆ ಮುಂಗಡ ಕೊಟ್ಟು ಘಟ್ಟಕ್ಕೆ ಕರೆದೊಯ್ಯುವ ಮೇಸ್ತ್ರಿಯು ಹಳ್ಳಿಗಳಿಗೆ ಪರಿಚಿತನಾದದ್ದು ಈ ಕಾಲದಲ್ಲಿ.

ಆ ಮೇಲೆ 1876ರಿಂದ 78ರವರೆಗಿನ ಮಹಾಕ್ಷಾಮ, ಧಾತು-ಈಶ್ವರ ಸಂವತ್ಸರಗಳ ಬರ. ಹಗೇವುಗಳ ತಳ ಕಂಡಿತು. ಬೆಳೆಯಿಲ್ಲದ ಹೊಲಕ್ಕೆ ಆಳು ಬೇಡ, ಆಳಿಗೆ ಅನ್ನ ಹಾಕುವ ಶಕ್ತಿ ಒಡೆಯನಿಗಿಲ್ಲ. ಹೀಗಾಗಿ ಕಾಳೂ ಕಾಸೂ ಎರಡೂ ಇಲ್ಲದ ಕೂಲಿಯವನೇ ಮೊದಲು ಬಿದ್ದನು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಪ್ರಜೆಗಳು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಬದುಕಿದವರಲ್ಲಿ ಎಷ್ಟೋ ಮಂದಿ ಗಂಜಿಗಾಗಿ ಬೆಂಗಳೂರು-ಮೈಸೂರು ರೈಲುದಾರಿಗೆ ಮಣ್ಣು ಹೊತ್ತರು. 1884ರಲ್ಲಿ ರೈಲು ತುಮಕೂರಿಗೂ ಬಂದಿತು. ಮಣ್ಣು ಹೊರುವ ಕೆಲಸಕ್ಕೆ ದಿನಗೂಲಿ ಎಂಬ ಬೆಲೆಯುಂಟೆಂದು ಹಳ್ಳಿಯ ಆಳು ಕಲಿತದ್ದು ಇಂಥ ದುರ್ದಿನಗಳಲ್ಲಿ ಎಂಬುದನ್ನು ನೆನೆದರೆ ಹೃದಯ ಭಾರವಾಗುತ್ತದೆ.

ಸ್ವಾತಂತ್ರ್ಯ ಬಂದಿತು, ಜೀತ ಹೋಗಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಪಟೇಲಿಕೆಗಳು ಅಳಿದುವು. ದೇವರಾಜ ಅರಸರ ಕಾಲದ ಭೂಸುಧಾರಣೆಯು 1974ರ ಮಾರ್ಚಿ 1ರಿಂದ ಜಾರಿಗೆ ಬಂದು ಉಳುವವನನ್ನೇ ಒಡೆಯನೆಂದಿತು. ಕರಾವಳಿ ಮಲೆನಾಡುಗಳ ಗೇಣಿದಾರರಿಗೆ ಅದು ಹೊಸ ಜನ್ಮ. ಆದರೆ ಗೇಣಿಗೆ ತುಂಡು ನೆಲವೂ ಇಲ್ಲದೆ ಬರಿಯ ತೋಳನ್ನು ನಂಬಿದ್ದ ನಮ್ಮ ಬಯಲಿನ ಕೂಲಿಗೆ ಅದರಿಂದ ಸಿಕ್ಕಿದ್ದು ಬಹು ಸ್ವಲ್ಪ. ಅವನ ಪಾಲಿಗೆ ನಿಜವಾದ ಬಿಡುಗಡೆಯ ವರ್ಷ 1975. ಆ ಅಕ್ಟೋಬರಿನ ಸುಗ್ರೀವಾಜ್ಞೆ, ಮರುವರ್ಷದ ಕಾಯಿದೆ, ಜೀತವನ್ನೂ ಅದರ ಸಾಲವನ್ನೂ ಒಟ್ಟಿಗೆ ಅಳಿಸಿದುವು. ಸಾಲವೇ ಸರಪಣಿಯೆಂಬುದನ್ನು ಕಾನೂನು ಅರಿಯಲು 1843ರಿಂದ ನೂರಮೂವತ್ತು ವರ್ಷಗಳ ಮೇಲೆ ಹಿಡಿಯಿತು.

ಇಂದು ಗೂಳೂರಿನ ಸುತ್ತ ಕೊಳವೆಬಾವಿಯೂ ಹೇಮಾವತಿಯ ನೀರೂ ಸೇರಿ ರಾಗಿಯ ಹೊಲಗಳನ್ನು ಅಡಿಕೆ ತೆಂಗಿನ ತೋಟಗಳಾಗಿ ಮಾಡುತ್ತಿವೆ. ತರುಣರು ತುಮಕೂರಿನ ಕಾರ್ಖಾನೆಗಳ ದಾರಿ ಹಿಡಿದಿದ್ದಾರೆ. ಒಬ್ಬರ ಹೊಲದಲ್ಲಿ ಒಬ್ಬರು ಸರದಿಯಂತೆ ದುಡಿದುಕೊಡುವ ಮುಯ್ಯಾಳು ಎಂಬ ಮಾತು ಮುದುಕರ ಬಾಯಲ್ಲಿ ಮಾತ್ರ ಉಳಿದಿದೆ. ಕಳೆ, ನಾಟಿ, ಕುಯ್ಲುಗಳು ಹೆಂಗಸರ ಪಾಲಿಗೆ ಬಿದ್ದಿವೆ. ಬೆಳಗ್ಗೆ ಗೂಡ್ಸ್ ಆಟೋದಲ್ಲಿ ನಿಂತು, ಬುತ್ತಿಯ ಡಬ್ಬಿಯನ್ನೂ ಕುಡುಗೋಲನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗುವ ಅವರಿಗೆ ಅದೇ ಸಾಲಿನಲ್ಲಿ ಬಾಗಿ ದುಡಿಯುವ ಗಂಡಸಿಗಿಂತ ಕಡಮೆ ಕೂಲಿ ಕೊಡುವ ಅನ್ಯಾಯ ಇನ್ನೂ ತೊಲಗಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆ ಬಂದ ಮೇಲೆ ಕೆರೆಯ ಹೂಳೆತ್ತಲು ಹೋದಾಗ ಮಾತ್ರ ಹೆಣ್ಣಿಗೂ ಗಂಡಿಗೂ ಸಮನಾದ ಕೂಲಿ, ಅದೂ ಅವಳದೇ ಖಾತೆಗೆ. ನಾನು ಆ ಕಾಯಿದೆಯನ್ನು ಗೌರವಿಸುವುದಕ್ಕೆ ಇದೊಂದೇ ಸಾಕು.

ಹಳೆಯ ಮನೆ ಕೆಡವಿ ಹೊಸದಕ್ಕೆ ಪಾಯ ತೋಡುವಾಗ ನಮ್ಮ ಸೀಮೆಯಲ್ಲಿ ಈಗಲೂ ಕೆಲವೊಮ್ಮೆ ಹಗೇವಿನ ಬಾಯಿ ತೆರೆದುಕೊಳ್ಳುತ್ತದೆ. ಮನೆಯ ಹಿರಿಯರು ಬಂದು ನೋಡಿ, ಇಷ್ಟು ಖಂಡುಗ ಹಿಡಿಯುತ್ತಿತ್ತೆಂದು ಹೇಳಿ ಹೋಗುತ್ತಾರೆ. ಆಮೇಲೆ ಕಲ್ಲುಮಣ್ಣು ತುಂಬಿ ಗಟ್ಟಿಮಾಡಬೇಕು. ಅದಕ್ಕಾಗಿ ಒಳಗೆ ಇಳಿಯುವವರು ರಾಯಚೂರು, ಯಾದಗಿರಿಯ ಕಡೆಯಿಂದ, ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಬಂದವರು.