ಗೃಹ ಮತ್ಸ್ಯತೊಟ್ಟಿಯ ಜಲಶುದ್ಧಿ: ಘಟಪ್ರಭಾ ಪ್ರದೇಶದ ನೀರನ್ನು ಕುರಿತು ಒಂದು ವಿವೇಚನೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕಬಯಸುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಯಾವ ಫಿಲ್ಟರನ್ನು ಕೊಳ್ಳಬೇಕು ಎಂಬುದು. ಮೊದಲ ಕೆಲವು ವಾರಗಳಲ್ಲಿಯೇ ಮೀನುಗಳು ಸತ್ತರೆ ಅದಕ್ಕಿಂತ ಬೆಲೆಯುಳ್ಳ ಇನ್ನೊಂದನ್ನು ತರುವುದೂ ಉಂಟು. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೀನು ಏಕೆ ಸಾಯುತ್ತದೆ? ಇದಕ್ಕೆ ಉತ್ತರವನ್ನು ಕಂಡುಕೊಂಡ ಬಳಿಕವೇ ಫಿಲ್ಟರಿನ ಆಯ್ಕೆಯು ಅರ್ಥವತ್ತಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರದೇಶವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸುತ್ತೇವೆ.

ವಿನೋದಕ್ಕಾಗಿ ಮೀನುಗಳನ್ನು ಪೋಷಿಸುವುದು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವುಂಟು, ಮೀನಿನ ಬಗೆಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ಗಾಳ ಹಾಕುವ ಕ್ರಮವನ್ನೂ ಅಲ್ಲಿ ವಿವರಿಸಲಾಗಿದೆ. ಆದರೆ ಹೊಳೆ ಕೆರೆಗಳಲ್ಲಿ ನೀರಿನ ಶುದ್ಧಿಯ ಹೊಣೆಯನ್ನು ಪ್ರಕೃತಿಯೇ ಹೊತ್ತಿರುತ್ತದೆ. ಘಟಪ್ರಭೆಯು ಗೋಕಾಕದ ಜಲಪಾತದಲ್ಲಿ ಸುಮಾರು 52 ಮೀಟರು ಧುಮುಕುವಾಗ ಗಾಳಿಯನ್ನು ತನ್ನಲ್ಲಿ ಬೆರೆಸಿಕೊಳ್ಳುತ್ತದೆ. ಪಾತ್ರದ ಕಲ್ಲು ಉಸುಕುಗಳಿಗೆ ಅಂಟಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಜಲಸಸ್ಯಗಳು ಉಳಿದುದನ್ನು ಹೀರುತ್ತವೆ. ಈ ಕೆಲಸಗಳನ್ನೆಲ್ಲ ಒಂದು ಚಿಕ್ಕ ತೊಟ್ಟಿಯಲ್ಲಿ ನಡೆಸುವುದೇ ಸಾಕುವವನ ಮುಂದಿರುವ ಸಮಸ್ಯೆ.

ಈ ತಿಳಿವಳಿಕೆಯು ಹಂತಹಂತವಾಗಿ ಬಂದಿತು. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ಚಿನ್ನದ ಮೀನುಗಳೊಡನೆ ವ್ಯಾಲಿಸ್ನೇರಿಯಾ ಸಸ್ಯವನ್ನು ಇರಿಸಿದನು. ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ, ಅವುಗಳನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿ ಸಮತೋಲವನ್ನು ಸಾಧಿಸಿದನು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬುವರು ಕೊಳಚೆ ನೀರನ್ನು ಉಸುಕು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಇಳಿಸಿದರು. ಸುಮಾರು 20 ದಿನಗಳ ತರುವಾಯ ಅಮೋನಿಯಾ ನೈಟ್ರೇಟಾಗಿ ಮಾರ್ಪಡತೊಡಗಿತು. ಕ್ಲೋರೋಫಾರಂ ಸೋಕಿಸಿದೊಡನೆ ಆ ಕ್ರಿಯೆ ನಿಂತಿತು. ಅಂದರೆ ಕೆಲಸ ಮಾಡುತ್ತಿದ್ದುದು ಉಸುಕಲ್ಲ, ಉಸುಕಿನಲ್ಲಿ ನೆಲೆಸಿದ್ದ ಜೀವಿಗಳು. ಈ ಬ್ಯಾಕ್ಟೀರಿಯಗಳನ್ನು 1890ರ ಸುಮಾರಿಗೆ ಬೇರ್ಪಡಿಸಿದ ವಿನೊಗ್ರಾಡ್ಸ್ಕಿಯು, ಅಮೋನಿಯಾವು ಮೊದಲು ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಬದಲಾಗುವುದನ್ನು ತೋರಿಸಿದನು.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. ಹೊಸ ತೊಟ್ಟಿಯಲ್ಲಿ ಅದನ್ನು ಕರಗಿಸುವ ಜೀವಿಗಳು ಇನ್ನೂ ನೆಲೆಸಿರುವುದಿಲ್ಲ. ಹೀಗಾಗಿ ಫಿಲ್ಟರು ಮಾಡುವ ಮೂರು ಕೆಲಸಗಳಲ್ಲಿ ಕಸವನ್ನು ಹಿಡಿಯುವುದು ಒಂದು, ಇದ್ದಿಲಿನಿಂದ ಬಣ್ಣ ವಾಸನೆಗಳನ್ನು ಹೀರುವುದು ಇನ್ನೊಂದು; ಈ ಜೀವಿಗಳಿಗೆ ನೆಲೆಯೊದಗಿಸುವ ಮೂರನೆಯದೇ ಮುಖ್ಯವಾದುದು. ಅತಿನೇರಳೆ ದೀಪವು ತೇಲುವ ಪಾಚಿಯನ್ನು ಕೊಲ್ಲಬಲ್ಲುದು, ಅಮೋನಿಯಾವನ್ನು ತೆಗೆಯಲಾರದು. ಕುಡಿಯುವ ನೀರಿನ ಆರ್.ಒ. ಯಂತ್ರವು ಲವಣಗಳನ್ನು ತೆಗೆಯುತ್ತದೆ. ಆದರೆ ಆ ನೀರೊಂದನ್ನೇ ತುಂಬಿದರೆ ಮೀನಿಗೆ ಬೇಕಾದ ಖನಿಜಗಳು ಇಲ್ಲದಂತಾಗಿ ನೀರಿನ ಗುಣವು ಸ್ಥಿರವಾಗಿ ನಿಲ್ಲುವುದಿಲ್ಲ.

ಇನ್ನು ನಮ್ಮ ಪ್ರದೇಶದ ನೀರನ್ನು ನೋಡೋಣ. ಗೋಕಾಕವು ಘಟಪ್ರಭಾ ಮಾರ್ಕಂಡೇಯ ನದಿಗಳ ಆಸರೆಯ ಊರು. 2019ರ ಆಗಸ್ಟಿನಲ್ಲಿ ಪ್ರವಾಹವನ್ನು ಕಂಡ ಈ ನದಿಗಳು ಪ್ರತಿ ಮಳೆಗಾಲದಲ್ಲಿಯೂ ಕೆಂಪಾಗಿ ಹರಿಯುತ್ತವೆ. ಹೊಳೆಯ ನೀರನ್ನು ಬಳಸುವವರು ಅದನ್ನು ಒಂದೆರಡು ದಿನ ತಿಳಿಗೊಳಿಸಬೇಕು. ನಲ್ಲಿಯ ನೀರಾದರೆ ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿರಿಸಿ ಕ್ಲೋರೀನನ್ನು ಕಳೆಯಬೇಕು. ಮೂಡಲಗಿಯ ಸುತ್ತಿನ ಕರಿಮಣ್ಣಿನ ನೀರಾವರಿ ಭೂಮಿಗಳಲ್ಲಾಗಲಿ, ಹುಕ್ಕೇರಿಯ ಕರಿಕಲ್ಲಿನ ನೆಲದಲ್ಲಾಗಲಿ ಕೊಳವೆಬಾವಿಯ ನೀರು ಹೊಳೆಯ ನೀರಿಗಿಂತ ಗಡುಸಾಗಿರುವುದು ಸಹಜ. ಗೊಬ್ಬರ ಹಾಕಿದ ಹೊಲಗಳ ನಡುವಿನ ಬಾವಿಯಲ್ಲಿ ನೈಟ್ರೇಟು ಮೊದಲೇ ಇರಬಹುದು. ಅದುದರಿಂದ ಗಡಸುತನ, ಕ್ಷಾರಗುಣ, ನೈಟ್ರೇಟುಗಳ ಪರೀಕ್ಷೆ ಮೊದಲ ಕಾರ್ಯ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಇದು ಕಷ್ಟದ ಕೆಲಸವಲ್ಲ.

ಗಡುಸು ನೀರು ದೊರೆತಾಗ ಅದನ್ನು ಬದಲಿಸುವುದಕ್ಕಿಂತ ಅದಕ್ಕೊಪ್ಪುವ ಗಪ್ಪಿ, ಮೋಲಿ ಮೀನುಗಳನ್ನು ಆರಿಸುವುದು ಮೇಲು. ಆದರೆ ಒಂದನ್ನು ಮರೆಯಬಾರದು: ಕ್ಷಾರಗುಣವೂ ಬೇಸಗೆಯ ಶಾಖವೂ ಏರಿದಷ್ಟು ಅಮೋನಿಯಾದ ವಿಷ ತೀಕ್ಷ್ಣವಾಗುತ್ತದೆ. ಆದಕಾರಣ ಅಂತಹ ಮನೆಯಲ್ಲಿ ಸೂಕ್ಷ್ಮಜೀವಿಗಳಿಗೆ ವಿಶಾಲವಾದ ನೆಲೆಯನ್ನೊದಗಿಸುವ ಫಿಲ್ಟರೇ ಬೇಕು.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯು ಸುಮಾರು 56 ಲೀಟರು ನೀರನ್ನು ಹಿಡಿಯುತ್ತದೆ. ಮೀನುಗಳು ಚಿಕ್ಕವೂ ಕೆಲವೇ ಆಗಿದ್ದರೆ, ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರು ಇದಕ್ಕೆ ಸಾಕು. ಅದರ ಬೆಲೆಯೂ ಕಡಿಮೆ, ನೀರಿಗೆ ಗಾಳಿಯೂ ಸೇರುತ್ತದೆ. ತೊಟ್ಟಿಯ ಅಂಚಿಗೆ ತೂಗುಹಾಕುವ ಫಿಲ್ಟರಾದರೆ ಗಂಟೆಗೆ ತೊಟ್ಟಿಯ ನಾಲ್ಕು ಪಟ್ಟು, ಎಂದರೆ ಸುಮಾರು 225 ಲೀಟರು ನೀರನ್ನು ಹಾಯಿಸುವಂತಿರಬೇಕು. ಚಿನ್ನದ ಮೀನು ಬಹಳ ಹೊಲಸು ಮಾಡುವುದರಿಂದ ಅದಕ್ಕೆ ದೊಡ್ಡ ತೊಟ್ಟಿಯೂ ಮುಚ್ಚಿದ ಡಬ್ಬಿಯಂತಹ ದೊಡ್ಡ ಫಿಲ್ಟರೂ ಯೋಗ್ಯ. ವಿದ್ಯುತ್ತು ಗಂಟೆಗಟ್ಟಲೆ ಹೋಗುವ ಕಡೆ ಈ ಡಬ್ಬಿಯೊಳಗಿನ ಜೀವಿಗಳು ಗಾಳಿಯಿಲ್ಲದೆ ಸಾಯುತ್ತವೆ. ಬ್ಯಾಟರಿಯ ಗಾಳಿ ಪಂಪಿನೊಡನೆ ಸ್ಪಂಜಿನ ಫಿಲ್ಟರೇ ಅಲ್ಲಿ ನಂಬಿಗೆಯದು.

ಯಾವುದನ್ನು ಆರಿಸಿದರೂ ಮೀನುಗಳನ್ನು ಬಿಡುವ ಮುನ್ನ ಅಮೋನಿಯಾದ ಅಲ್ಪ ಆಧಾರವನ್ನಿತ್ತು ಫಿಲ್ಟರನ್ನು ಕೆಲವು ವಾರ ನಡೆಸಬೇಕು. ಅಮೋನಿಯಾ, ನೈಟ್ರೈಟುಗಳೆರಡೂ ಶೂನ್ಯಕ್ಕೆ ಇಳಿದ ಮೇಲೆಯೇ ಮೀನು ಬಿಡತಕ್ಕದ್ದು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರೀನು ಈ ಜೀವಿಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಕೊನೆಗೆ ಉಳಿಯುವ ನೈಟ್ರೇಟನ್ನು ಸಾಮಾನ್ಯ ಫಿಲ್ಟರು ತೆಗೆಯಲಾರದು. ಅದಕ್ಕೆ ಸಸ್ಯಗಳೂ, ವಾರಕ್ಕೊಮ್ಮೆ ಕಾಲುಭಾಗ ನೀರಿನ ಬದಲಾವಣೆಯೂ ಬೇಕು. ಯಂತ್ರವನ್ನು ಹಣದಿಂದ ಕೊಳ್ಳಬಹುದು. ಅದರೊಳಗೆ ನೆಲೆಸಬೇಕಾದ ಜೀವಿಗಳನ್ನು ಕಾದು ಬೆಳೆಸಿ, ಉಳಿಸಿಕೊಳ್ಳಬೇಕಾಗುತ್ತದೆ.