ಪುತ್ತೂರಿನ ಬಾಲವನ: ಕಾರಂತಜ್ಜನ ಅಂಗಳ

ಮಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಪುತ್ತೂರಿಗೆ ಬಂದವರು ಮಹಾಲಿಂಗೇಶ್ವರನ ದರ್ಶನ ಮುಗಿಸಿ ಪರ್ಲಡ್ಕದ ಬಾಲವನಕ್ಕೂ ಹೋಗುವುದುಂಟು. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಜಾಗವಿದು. ನಾಡಿನ ಮಕ್ಕಳಿಗೆ ಅವರು ‘ಕಾರಂತಜ್ಜ’. ರಕ್ತಸಂಬಂಧವಿಲ್ಲದವರನ್ನೂ ಮನೆಯ ಹಿರಿಯರನ್ನಾಗಿ ಮಾಡಿಕೊಳ್ಳುವುದು ನಮ್ಮ ಊರುಗಳ ದೊಡ್ಡ ಗುಣ. ಆದರೆ ಅಜ್ಜನೆಂಬ ಪ್ರೀತಿಯ ಮಾತು ಆ ಮನುಷ್ಯನ ಮೊನೆಯನ್ನು ಮೊಂಡು ಮಾಡಿಬಿಟ್ಟಿದೆ. ಬಾಲವನವನ್ನು ಜ್ಞಾನಪೀಠ ಪಡೆದ ಸಾಹಿತಿಯ ಮನೆಯೆಂದು ನೋಡಿದರೆ ಅರ್ಧ ಮಾತ್ರ ಕಂಡಂತೆ. ಅದು ಸಣ್ಣ ಪೇಟೆಯೊಂದು ತನ್ನ ನಡುವೆ ಇಟ್ಟುಕೊಂಡು ಸಹಿಸಿದ, ಸಾಕಿದ ಪ್ರಯೋಗಶಾಲೆ.

ಈ ಮಾತಿಗೆ ಆಧಾರ ಅವರ ಬದುಕೇ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಪುತ್ತೂರಿಗೆ ಬಂದು ನೆಲೆಸಿದಾಗ ಇಲ್ಲಿ ಮೊಳಹಳ್ಳಿ ಶಿವರಾಯರಂಥವರಿದ್ದರು. ಜಿಲ್ಲೆಯ ಸಹಕಾರಿ ಚಳವಳಿಗೆ ಬುನಾದಿ ಹಾಕಿದ ಆ ವಕೀಲರು ದಸರಾ ನಾಡಹಬ್ಬಕ್ಕೂ ಕಾರಂತರ ಜೊತೆ ನಿಂತರು. ಕೂಡಿ ಕೆಲಸ ಮಾಡುವ ರೂಢಿ ಊರಿಗಿತ್ತು. ಒಬ್ಬನ ಹುಚ್ಚಿಗೂ ಅಲ್ಲಿ ಎಡೆ ಸಿಕ್ಕಿತು. 1936ರಲ್ಲಿ ಅವರು ಬಂಟ ಸಮುದಾಯದ ಲೀಲಾ ಅವರನ್ನು ಮದುವೆಯಾದರು. ಜಾತಿಯ ಗೆರೆ ಬಲವಾಗಿದ್ದ ಕಾಲದಲ್ಲಿ ಬ್ರಾಹ್ಮಣ ಮನೆತನದವರೊಬ್ಬರು ಪೇಟೆಯ ಕಣ್ಣೆದುರೇ ಹಾಗೆ ಬದುಕಿ ತೋರಿಸಿದ್ದು ಸಣ್ಣ ಸಂಗತಿಯಲ್ಲ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಸಿದ್ಧಪಡಿಸಿದರು, ಅಚ್ಚಿನ ಕೆಲಸಕ್ಕೂ ಕೈ ಹಾಕಿದರು, ನೃತ್ಯ ನಾಟಕಗಳನ್ನು ಆಡಿಸಿದರು. ಸುತ್ತಲ ಸೀಮೆಯೂ ಅವರ ಬರಹಕ್ಕಿಳಿಯಿತು: ‘ಬೆಟ್ಟದ ಜೀವ’ದ ಅಡಿಕೆ ತೋಟಗಳು, ‘ಕುಡಿಯರ ಕೂಸಿ’ನ ಮಲೆಯ ಜನ, ಎಲ್ಲವೂ ಇಲ್ಲಿಂದ ಘಟ್ಟದ ಕಡೆಗೆ ನಡೆದರೆ ಸಿಗುವಂಥವು. ರಾಜಧಾನಿಯಲ್ಲಿ ಕೂತಿದ್ದರೆ ಈ ಕಾದಂಬರಿಗಳು ಹುಟ್ಟುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಹುಟ್ಟಿದ್ದು ಕೋಟ, ಕೊನೆಯ ದಶಕಗಳನ್ನು ಕಳೆದದ್ದು ಸಾಲಿಗ್ರಾಮ. ಪುತ್ತೂರಿಗೆ ಯಾವ ಹಕ್ಕು ಎಂದು ಕೇಳುವವರಿದ್ದಾರೆ. ಹುಟ್ಟೂರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಪುತ್ತೂರನ್ನು ಕಾರಂತರು ಆರಿಸಿಕೊಂಡರು, ಮೈಯಲ್ಲಿ ಕಸುವಿದ್ದ ವರ್ಷಗಳನ್ನೆಲ್ಲ ಇಲ್ಲೇ ಕಳೆದರು. ಅವರ ಎಷ್ಟೋ ಪ್ರಯೋಗಗಳು ಬಾಳಲಿಲ್ಲವಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಿಜ, 1930ರ ಸುಮಾರಿಗೆ ತೆಗೆದ ‘ಡೊಮಿಂಗೊ’, ‘ಭೂತರಾಜ್ಯ’ ಮೂಕಿಚಿತ್ರಗಳು ಅವರನ್ನು ಸಿನಿಮಾದವರನ್ನಾಗಿ ಮಾಡಲಿಲ್ಲ. ಆದರೆ ಕುಣಿತ, ಬಣ್ಣ, ಬೆಳಕುಗಳೊಂದಿಗಿನ ಆ ಹುಡುಕಾಟ ನಿಲ್ಲದೆ ಮುಂದುವರಿದು ಯಕ್ಷಗಾನದ ಹೊಸ ಪ್ರಯೋಗಗಳವರೆಗೆ ಮುಟ್ಟಿತು. ಸೋತವನು ಮತ್ತೆ ಮರುದಿನ ಕೆಲಸಕ್ಕೆ ಕೂರಲು ಒಂದು ಅಂಗಳ ಬೇಕು, ಬಾಲವನ ಅದಾಗಿತ್ತು. ಇನ್ನು, ಅಜ್ಜನೆಂದರೆ ಮಕ್ಕಳು ಹತ್ತಿರ ಬರುತ್ತಾರೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಬರಲಿ. ಬಂದ ಮೇಲೆ ಅವರಿಗೆ ಸಿಗಬೇಕಾದವನು ಎಲ್ಲವನ್ನೂ ಪ್ರಶ್ನಿಸಿದ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನೇ ಹಿಂತಿರುಗಿಸಿದ ಅಜ್ಜ.

ಅಕ್ಟೋಬರ್ 10 ಕಾರಂತರ ಜನ್ಮದಿನ. ಅಂದು ಮಕ್ಕಳನ್ನು ಬಾಲವನಕ್ಕೆ ಕರೆತರುವ ಮೇಷ್ಟ್ರುಗಳು ಹಾರ ಹಾಕಿಸುವ ಮೊದಲು ಅಲ್ಲಿನ ಒಂದು ಮರದ ಕೆಳಗೆ ಅವರನ್ನು ನಿಲ್ಲಿಸಿ, ಇದು ಯಾವ ಮರ ಎಂದು ಕೇಳಲಿ.